ಹಾಸಿಗೆಗೆ ಕಾರ್ಡು, ಮಾತ್ರೆಗೆ ಕಾಸು: ಅರಸೀಕೆರೆ–ಬೇಲೂರು–ಹಳೇಬೀಡು ಭಾಗದಲ್ಲಿ ಮಧುಮೇಹ ಆರೈಕೆಯ ಹೊರೆ

2025ರ ಮೇ–ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ನಾಡಿನ ಗಮನ ಸೆಳೆದವು. ನಲವತ್ತು ದಿನಗಳ ಆಸುಪಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರೆಂಬ ವರದಿಗಳ ಬೆನ್ನಲ್ಲೇ ಸರ್ಕಾರ, ಜಯದೇವ ಹೃದ್ರೋಗ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ನೇಮಿಸಿತು. ಜುಲೈನಲ್ಲಿ ಬಂದ ವರದಿ ಯಾವ ನಿಗೂಢ ಕಾರಣವನ್ನೂ ಕಾಣಲಿಲ್ಲ. ಅದು ಎತ್ತಿ ಹೇಳಿದ್ದು ಹಳೆಯ, ಪರಿಚಿತ ಅಪಾಯಗಳನ್ನೇ: ಮಧುಮೇಹ, ರಕ್ತದೊತ್ತಡ, ಧೂಮಪಾನ, ಮದ್ಯಪಾನ. ಇಸಿಜಿ ಮಾಡಿಸಲು ಜಯದೇವದ ಮುಂದೆ ಸಾಲುಗಟ್ಟಿದ ಜನ ಕೆಲವೇ ವಾರಗಳಲ್ಲಿ ಕರಗಿದರು. ಆ ಪಟ್ಟಿಯಲ್ಲಿದ್ದ ಮಧುಮೇಹಕ್ಕೆ ಈ ಜಿಲ್ಲೆಯ ಕುಟುಂಬ ತಿಂಗಳು ತಿಂಗಳು ಏನು ತೆರುತ್ತದೆ, ಅದರಲ್ಲಿ ಸಾರ್ವಜನಿಕ ವ್ಯವಸ್ಥೆ ಹೊರುವ ಪಾಲೆಷ್ಟು ಎಂಬುದನ್ನು ಮಾತ್ರ ಯಾರೂ ಅಷ್ಟು ತುರ್ತಿನಿಂದ ಕೇಳಲಿಲ್ಲ. ಈ ಲೇಖನದ ಪ್ರಶ್ನೆ ಅದೇ.

ಹೊರೆಯ ಗಾತ್ರವನ್ನು ಮೊದಲು ಅಂದಾಜು ಮಾಡಿಕೊಳ್ಳಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೇಶದ ವಯಸ್ಕರಲ್ಲಿ ಶೇ. 11.4ರಷ್ಟು ಮಂದಿಗೆ ಮಧುಮೇಹವಿದೆ, ಪಟ್ಟಣಗಳಲ್ಲಿ ಶೇ. 16.4, ಹಳ್ಳಿಗಳಲ್ಲಿ ಶೇ. 8.9. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ಅದರಲ್ಲಿ ಮೂರನೇ ಎರಡು ಭಾಗಕ್ಕೆ ತುಸು ಕಡಿಮೆ ವಯಸ್ಕರೆಂದು ಹಿಡಿದು, ಹಳ್ಳಿಯ ದರವನ್ನೇ ಅನ್ವಯಿಸಿದರೂ ಒಂದು ಲಕ್ಷದಷ್ಟು ರೋಗಿಗಳಾಗುತ್ತಾರೆ. ಇದು ಎಣಿಕೆಯಲ್ಲ, ರಾಷ್ಟ್ರೀಯ ದರದಿಂದ ತೆಗೆದ ಲೆಕ್ಕ. ಅರಸೀಕೆರೆಯಂಥ ಪಟ್ಟಣದ ದರ ಇದಕ್ಕಿಂತ ಹೆಚ್ಚಿರುವುದೇ ಸಹಜ.

ಇನ್ನು ರಕ್ಷಣೆ. ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವಲ್ಲ. ಸಹಕಾರಿ ರೈತರಿಗೆ ಯಶಸ್ವಿನಿ ಬಂದದ್ದು 2003ರಲ್ಲಿ. 2018ರಲ್ಲಿ ಆರೋಗ್ಯ ಕರ್ನಾಟಕ ಆರಂಭವಾಗಿ, ಅದೇ ವರ್ಷ ಆಯುಷ್ಮಾನ್ ಭಾರತದೊಂದಿಗೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಇವು ದೊಡ್ಡ ಸಾಧನೆಗಳೆಂದೇ ನಾನು ಭಾವಿಸುತ್ತೇನೆ. ಆದರೆ ಇವುಗಳ ಒಟ್ಟು ರಚನೆ ಆಸ್ಪತ್ರೆಯ ಹಾಸಿಗೆಯನ್ನು ಆಧರಿಸಿದೆ. ಸಕ್ಕರೆ ಕಾಯಿಲೆಯ ಗಾಯ ಗ್ಯಾಂಗ್ರೀನ್‌ಗೆ ತಿರುಗಿ ಕಾಲು ತೆಗೆಯಬೇಕಾದಾಗ, ಹೃದಯದ ನಾಳಕ್ಕೆ ಸ್ಟೆಂಟ್ ಹಾಕಬೇಕಾದಾಗ ಕಾರ್ಡು ಕೆಲಸಕ್ಕೆ ಬರುತ್ತದೆ. ಆ ಸ್ಥಿತಿ ಬಾರದಂತೆ ತಡೆಯುವ ಹದಿನೈದು ಇಪ್ಪತ್ತು ವರ್ಷಗಳ ಮಾತ್ರೆ, ರಕ್ತಪರೀಕ್ಷೆ, ಕಣ್ಣು ಮತ್ತು ಪಾದಗಳ ತಪಾಸಣೆ ಸರ್ಕಾರಿ ಕೇಂದ್ರದಲ್ಲಿ ಸಿಕ್ಕರೆ ಉಚಿತ. ಸಿಗದಿದ್ದರೆ ಮೆಡಿಕಲ್ ಅಂಗಡಿಯಲ್ಲಿ, ಖಾಸಗಿ ಲ್ಯಾಬಿನಲ್ಲಿ ಕೈಯಿಂದಲೇ ಹಣ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದಂತೆ 2021–22ರಲ್ಲೂ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ. 39.4ನ್ನು ಜನ ತಮ್ಮ ಜೇಬಿನಿಂದಲೇ ಭರಿಸಿದ್ದಾರೆ.

ಹಾಗೆಂದು ಔಷಧದ ಬೆಲೆಯೊಂದೇ ಸಮಸ್ಯೆ ಎನ್ನಲಾಗದು. ಮೆಟ್‌ಫಾರ್ಮಿನ್‌ನಂಥ ಮೊದಲ ಹಂತದ ಮಾತ್ರೆ ಬೆಲೆ ನಿಯಂತ್ರಣದಲ್ಲಿದೆ, ಅಗ್ಗವೂ ಹೌದು. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದ ಮೇಲೆ ಎಂಪಾಗ್ಲಿಫ್ಲೋಜಿನ್ ಬೆಲೆಯೂ ಬಹಳ ಇಳಿಯಿತು. ಹೆಚ್ಚು ಭಾರವಾಗುವುದು ಆ ಮಾತ್ರೆಯನ್ನು ತಲುಪುವ ದಾರಿ. ಉಚಿತ ಮಾತ್ರೆ ಸಾಮಾನ್ಯವಾಗಿ ಒಂದು ತಿಂಗಳಿಗೆ, ಎಷ್ಟೋ ಸಲ ಅದಕ್ಕಿಂತಲೂ ಕಡಿಮೆ ದಿನಕ್ಕೆ ಸಿಗುತ್ತದೆ. ತಿಂಗಳಿಗೊಮ್ಮೆ ಬಂದರೂ ವರ್ಷಕ್ಕೆ ಹನ್ನೆರಡು ದಿನದ ಕೂಲಿ ಹೋಯಿತು. ಉದ್ಯೋಗ ಖಾತರಿಗೆ 2025–26ರಲ್ಲಿ ರಾಜ್ಯದಲ್ಲಿ ನಿಗದಿಯಾದ 370 ರೂಪಾಯಿ ದಿನಗೂಲಿಯನ್ನೇ ಅಳತೆಗೋಲಾಗಿಟ್ಟರೂ 4,440 ರೂಪಾಯಿ. ಕಣ್ಣು ಮಂಜಾದ ಹಿರಿಯರ ಜೊತೆ ಮಗನೋ ಸೊಸೆಯೋ ಬಂದರೆ ಅದರ ಇಮ್ಮಡಿ. ಯಾವ ಸರ್ಕಾರಿ ವೆಚ್ಚಪಟ್ಟಿಯಲ್ಲೂ ಕಾಣದ ಈ ಮೊತ್ತ, ಅಗ್ಗದ ಮಾತ್ರೆಗಳ ವರ್ಷದ ಬೆಲೆಯನ್ನು ಸುಲಭವಾಗಿ ಮೀರುತ್ತದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆ ಹೆಂಗಸರ ಬಸ್ ಖರ್ಚನ್ನು ಉಳಿಸಿತು. ಅದನ್ನು ಆರೋಗ್ಯ ಯೋಜನೆಯೆಂದು ಯಾರೂ ಕರೆಯದಿದ್ದರೂ ಮಧುಮೇಹದ ಮಟ್ಟಿಗೆ ಅದು ಆ ಕೆಲಸವನ್ನೂ ಮಾಡುತ್ತಿದೆ.

ಮೂರು ಊರುಗಳಲ್ಲಿ ಈ ದಾರಿ ಒಂದೇ ಬಗೆಯದಲ್ಲ. ಅರಸೀಕೆರೆ ಬಯಲುಸೀಮೆಯ ತೆಂಗು–ರಾಗಿಯ ತಾಲ್ಲೂಕು, ರೈಲು ಜಂಕ್ಷನ್. ತಾಲ್ಲೂಕು ಆಸ್ಪತ್ರೆಯೂ ಖಾಸಗಿ ವೈದ್ಯರೂ ಅಲ್ಲೇ ಇದ್ದಾರೆ. ಅಲ್ಲಿನ ಸಂಕಟ ಮಳೆಯದು. ಮಳೆ ಕೈಕೊಟ್ಟು ಕೊಬ್ಬರಿಯ ಬೆಲೆಯೂ ಕುಸಿದ ವರ್ಷ, ನೋವು ಕೊಡದ ಕಾಯಿಲೆಯ ಮಾತ್ರೆಯೇ ಮನೆಖರ್ಚಿನಲ್ಲಿ ಮೊದಲು ಕಡಿತವಾಗುತ್ತದೆ. ಹಳೇಬೀಡು ಬೇಲೂರು ತಾಲ್ಲೂಕಿನ ಹೋಬಳಿ ಕೇಂದ್ರ. ಅಲ್ಲಿಂದ ತಾಲ್ಲೂಕು ಆಸ್ಪತ್ರೆಗೆ ಹದಿನಾರು ಕಿಲೋಮೀಟರ್, ತಜ್ಞರು ಬೇಕೆಂದರೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಹೊಯ್ಸಳೇಶ್ವರನನ್ನು ನೋಡಲು ದಿನವಿಡೀ ಬರುವ ಪ್ರವಾಸಿಗಳಿಗಾಗಿ ರಸ್ತೆ ಚೆನ್ನಾಗಿದೆ. ಆದರೆ ಸುತ್ತಲಿನ ಹಳ್ಳಿಗಳಿಂದ ಹೋಬಳಿಗೆ ಬರುವ ಬಸ್ಸುಗಳ ಹೊತ್ತು ರೋಗಿಯ ಅನುಕೂಲಕ್ಕೆ ಇಟ್ಟದ್ದಲ್ಲ. ಬರಿಹೊಟ್ಟೆಯಲ್ಲಿ ರಕ್ತ ಕೊಡಬೇಕಾದವರು ಬಸ್ಸಿಗೆ ಕಾದು, ಲ್ಯಾಬಿನ ಮುಂದೆ ಮತ್ತೆ ಕಾದು, ತಿಂಡಿ ತಿನ್ನುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ.

ಬೇಲೂರಿನ ಮಲೆನಾಡು ಮಗ್ಗುಲಿನ ಕಾಫಿ ತೋಟಗಳ ಸ್ಥಿತಿ ಇನ್ನೂ ಕಠಿಣ. 1951ರ ತೋಟ ಕಾರ್ಮಿಕರ ಕಾಯ್ದೆ ವೈದ್ಯಕೀಯ ಸೌಲಭ್ಯದ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ಆದರೆ ಐದು ಹೆಕ್ಟೇರ್‌ಗಿಂತ ಚಿಕ್ಕದಾದ ಅಥವಾ ಹದಿನೈದಕ್ಕಿಂತ ಕಡಿಮೆ ಕೆಲಸಗಾರರಿರುವ ತೋಟ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಕರ್ನಾಟಕದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಸಣ್ಣ ಹಿಡುವಳಿದಾರರು. ಹಣ್ಣು ಕೊಯ್ಲಿಗೆ ಹೊರರಾಜ್ಯಗಳಿಂದ ಬಂದು ಲೈನ್ ಮನೆಗಳಲ್ಲಿ ಉಳಿಯುವ ಕುಟುಂಬಗಳಿಗೆ ಇಲ್ಲಿನ ರೇಷನ್ ಕಾರ್ಡಿಲ್ಲ, ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲೂ ಹೆಸರಿರುವುದು ಅಪರೂಪ. ಬರಿಗಾಲಲ್ಲೋ ಒದ್ದೆ ಬೂಟಿನಲ್ಲೋ ದಿನಗಟ್ಟಲೆ ದುಡಿಯುವವರ ಸ್ಪರ್ಶಜ್ಞಾನ ಕುಗ್ಗಿದ ಪಾದಕ್ಕೆ ಸಣ್ಣ ಮುಳ್ಳೂ ಸಾಕು.

ಹಣ ಮತ್ತು ದಾರಿಯ ಜೊತೆಗೆ ತಿಳಿವಳಿಕೆಯ ಕೊರತೆಯೂ ಇದೆ. ರಾಗಿ ಮುದ್ದೆ ಉಂಡರೆ ಶುಗರ್ ಏರುವುದಿಲ್ಲವೆಂಬ ನಂಬಿಕೆ ಈ ಭಾಗದಲ್ಲಿ ಗಟ್ಟಿ. ರಾಗಿಯಲ್ಲಿ ನಾರು, ಸುಣ್ಣದಂಶ ಇವೆ ನಿಜ. ಹಿಟ್ಟಾಗಿಸಿದ ಮೇಲೆ ಅದೂ ಪಿಷ್ಟವೇ, ಅಳತೆ ಮುಖ್ಯ. ಇದನ್ನು ತಾಳ್ಮೆಯಿಂದ ಹೇಳುವ ಸಮಯ ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಇರುವುದಿಲ್ಲ.

ಪರಿಹಾರಕ್ಕೆ ಹೊಸ ಕಾರ್ಡು ಬೇಡ. 2024ರ ಅಕ್ಟೋಬರ್‌ನಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಲ್ಲೇ ತಪಾಸಣೆ ಮಾಡುವ ಸರಿಯಾದ ಹೆಜ್ಜೆ. ಆದರೆ ಪತ್ತೆಯಾದವರೆಲ್ಲರೂ ಮಾತ್ರೆಗೆ ತಾಲ್ಲೂಕಿಗೇ ಹೋಗಬೇಕಾದರೆ ಕೂಲಿಯ ಲೆಕ್ಕ ಹಾಗೇ ಉಳಿಯುತ್ತದೆ. ಸಕ್ಕರೆ ಹತೋಟಿಯಲ್ಲಿರುವವರಿಗೆ ಮೂರು ತಿಂಗಳ ಮಾತ್ರೆಯನ್ನು ಉಪಕೇಂದ್ರದಲ್ಲೇ ಕೊಟ್ಟರೆ ಹನ್ನೆರಡು ದಿನ ನಾಲ್ಕಕ್ಕಿಳಿಯುತ್ತದೆ, 4,440 ರೂಪಾಯಿ 1,480ಕ್ಕೆ. ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಯ ಅವಧಿಗೂ ಅದು ಹೊಂದುತ್ತದೆ. ಈ ಪರೀಕ್ಷೆಗೆ ಬರಿಹೊಟ್ಟೆಯೂ ಬೇಕಿಲ್ಲ. ಮಾತ್ರೆ ಕೊಡುವ ದಿನವನ್ನು ಆಯಾ ಹೋಬಳಿಯ ಸಂತೆಯ ದಿನಕ್ಕೆ ಇಟ್ಟರೆ ಹೇಗೂ ಊರಿಗೆ ಬರುವವರು ಬೇರೆ ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಕೊಯ್ಲಿನ ತಿಂಗಳುಗಳಲ್ಲಿ ಬೇಲೂರಿನ ತೋಟಗಳಿಗೆ ಆ ದಿನವನ್ನು ಭಾನುವಾರಕ್ಕೆ ಬದಲಿಸಿ, ಕಾರ್ಡು ಕೇಳದೆ ಪಾದ ನೋಡುವ ವ್ಯವಸ್ಥೆಯಾಗಬೇಕು.