ಎಲೆಕ್ಟ್ರಾನಿಕ್ ಡ್ರಮ್ ಕಿಟ್‌ನ ಹೆಡ್‌ಫೋನ್ ಧ್ವನಿಮಟ್ಟ

ಎಲೆಕ್ಟ್ರಾನಿಕ್ ಡ್ರಮ್ ಕಿಟ್ ಎಂಬುದು ಪ್ಯಾಡುಗಳ ಮೇಲಿನ ಹೊಡೆತವನ್ನು ಮಾಡ್ಯೂಲ್ ಮೂಲಕ ನಾದವಾಗಿಸುವ ತಾಳವಾದ್ಯ. ಮಂಗಳೂರಿನಂತಹ ನಗರದ ವಸತಿ ಸಮುಚ್ಚಯಗಳಲ್ಲಿ ಇದನ್ನು ಹೆಡ್‌ಫೋನ್ ಧರಿಸಿಯೇ ನುಡಿಸಬೇಕಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ವಿಧಿಸಿವೆ; ಚೆಂಡೆಯ ನಾಡಿಗೆ ಇದು ಬಿಗಿಯೆನಿಸಬಹುದು.

ಧ್ವನಿ ಸಾಲದಿದ್ದರೆ ಮೊದಲು ಮಾಡ್ಯೂಲಿನೊಳಗೆ ಆಯಾ ಕಿಟ್‌ನ ವಾಲ್ಯೂಮ್ ತಗ್ಗಿದೆಯೇ ಎಂದು ನೋಡಬೇಕು. 250 ಓಮ್‌ನ ಸ್ಟುಡಿಯೋ ಹೆಡ್‌ಫೋನಿಗೆ ಮಾಡ್ಯೂಲಿನ ವೋಲ್ಟೇಜ್ ಹಲವೊಮ್ಮೆ ಸಾಲದು. 32 ಓಮ್ ಆಸುಪಾಸಿನ, ಹೆಚ್ಚು ಸಂವೇದನೆಯುಳ್ಳ ಹೆಡ್‌ಫೋನ್ ಸಾಮಾನ್ಯವಾಗಿ ಅಷ್ಟರಲ್ಲೇ ಜೋರಾಗಿ ಕೇಳಿಸುತ್ತದೆ. ಇಲ್ಲವಾದರೆ ಪುಟ್ಟ ಹೆಡ್‌ಫೋನ್ ಆಂಪ್ಲಿಫೈಯರ್ ಜೋಡಿಸಬಹುದು.

ಆದರೆ ಎಷ್ಟೋ ವೇಳೆ ನಿಜವಾದ ಕೊರತೆ ಧ್ವನಿಯದಲ್ಲ. ಕೋಲು ಪ್ಯಾಡಿಗೆ ಬಡಿಯುವ ಸಪ್ಪಳವೂ ಕರಾವಳಿಯ ಸೆಕೆಯಲ್ಲಿ ನಿಲ್ಲಿಸಲಾಗದ ಫ್ಯಾನಿನ ಸದ್ದೂ ಒಳನುಗ್ಗುವುದರಿಂದ ವಾದಕರು ಧ್ವನಿ ಏರಿಸುತ್ತಲೇ ಹೋಗುತ್ತಾರೆ. ಕಿವಿಯನ್ನು ಪೂರ್ತಿ ಮುಚ್ಚುವ ಹೆಡ್‌ಫೋನೇ ಇದಕ್ಕೆ ಉತ್ತಮ ಪರಿಹಾರ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್ ಧ್ವನಿ ವಾರಕ್ಕೆ 40 ಗಂಟೆ ಸುರಕ್ಷಿತ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧಕ್ಕಿಳಿದು, 89ರಲ್ಲಿ ಐದೇ ಗಂಟೆ ಉಳಿಯುತ್ತದೆ.

ಕಿಕ್ ಪೆಡಲಿನ ಕಂಪನ ಮಾತ್ರ ನೆಲದ ಮೂಲಕ ಕೆಳಮನೆಗೆ ಇಳಿಯುತ್ತದೆ. ಅದನ್ನು ತಗ್ಗಿಸಲು ದಪ್ಪ ರಬ್ಬರ್ ಹಾಸು ಬೇಕು.