ಕೋಟೆ ಒಡೆಯುವ ಸುರಂಗ, ಮಗು ಉಳಿಸುವ ಸುರಂಗ

ಕಳ್ಳಕವಟಗಿ ಸುತ್ತ ಯಾರ ಹೊಲಕ್ಕೆ ಹೋದರೂ ಬೋರಿನ ಮಾತು ಬರುತ್ತದೆ. ನೀರು ಬಿದ್ದ ಬೋರನ್ನು ಎಲ್ಲರೂ ಖುಷಿಯಿಂದ ತೋರಿಸುತ್ತೇವೆ. ನೀರು ಬೀಳದ ಬೋರಿನ ಬಾಯಿ ಮುಚ್ಚಿದೆಯೇ ಎಂದು ಕೇಳುವವರು ಕಡಿಮೆ. ಆ ಬಾಯಿಯ ವಿಷಯ ಹೇಳಲು ನಾವು ವಿಜಯಪುರದ ಕೋಟೆಯಿಂದ ಶುರು ಮಾಡುತ್ತೇವೆ.

1685ರಲ್ಲಿ ಔರಂಗಜೇಬನ ಸೈನ್ಯ ವಿಜಯಪುರಕ್ಕೆ ಮುತ್ತಿಗೆ ಹಾಕಿತು. ಗೋಡೆಯ ಮೇಲಿನ ತೋಪುಗಳ ಎದುರು ಬಯಲಲ್ಲಿ ನಡೆದು ಬರುವಂತಿರಲಿಲ್ಲ. ಹಾಗಾಗಿ ನೆಲ ಅಗೆದು, ಮಣ್ಣಿನ ಮರೆಯಲ್ಲಿ ಕಂದಕದ ಕಡೆಗೆ ಸರಿದರು. 1686ರ ಸೆಪ್ಟೆಂಬರಿನಲ್ಲಿ ಕೋಟೆ ಬಿತ್ತು. ಮರುವರ್ಷ ಗೋಲ್ಕೊಂಡದಲ್ಲಿ ಗೋಡೆಯ ಕೆಳಗೇ ಸುರಂಗ ಕೊರೆದು ಮದ್ದು ತುಂಬಿದರು. ಒಳಗಿನವರು ಅದನ್ನು ಪತ್ತೆಮಾಡಿ ಮದ್ದು ತೆಗೆದರು. ಕೊನೆಗೆ ಸ್ಫೋಟದ ಪೆಟ್ಟು ಬಿದ್ದದ್ದು ಮುತ್ತಿದವರಿಗೇ.

ನೆಲದೊಳಗೆ ಕೊರೆಯುವ ವಿದ್ಯೆ ಬರೀ ಯುದ್ಧದ್ದಲ್ಲ. ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನಗರಕ್ಕೆ ಸುರಂಗದಲ್ಲೇ ನೀರು ಬರುತ್ತಿತ್ತು. ಅಲ್ಲಲ್ಲಿ ನೇರ ಬಾವಿ ಇಳಿಸಿ, ಕೆಳಗೆ ಒಂದರಿಂದ ಇನ್ನೊಂದಕ್ಕೆ ಅಡ್ಡ ಕೊರೆಯುವುದು ಅದರ ವಿಧಾನ.

ಸೈನ್ಯದಲ್ಲಿ ಇಂಥ ಕೆಲಸದವರಿಗೆ ಸ್ಯಾಪರ್ ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಬೇರು 1780ರದ್ದು. ದಾರಿ, ಸೇತುವೆ, ಸುರಂಗ ಇವರ ಕಸುಬು. 2006ರ ಜುಲೈನಲ್ಲಿ ಹರಿಯಾಣದ ಕುರುಕ್ಷೇತ್ರ ಜಿಲ್ಲೆಯಲ್ಲಿ ಐದು ವರ್ಷದ ಹುಡುಗ ಬೋರಿಗೆ ಬಿದ್ದಾಗ, ದೇಶವೆಲ್ಲ ಟಿವಿ ಮುಂದೆ ಕೂತಿತ್ತು. ಸೈನ್ಯದವರು ಪಕ್ಕದ ಬಾವಿಯಿಂದ ಅಡ್ಡ ಕೊರೆದು ಅವನನ್ನು ಜೀವಂತ ಹೊರತಂದರು. ಮುತ್ತಿಗೆಯ ದಿನಗಳ ಅದೇ ಕೆಲಸ. ಈ ಸಲ ಸುರಂಗದ ಕೊನೆಯಲ್ಲಿ ಮದ್ದಿನ ಬದಲು ಮಗು ಇತ್ತು.

ನಮ್ಮ ಜಿಲ್ಲೆಗೂ ಈ ಸಂಕಟ ಬಂತು. 2014ರ ಜೂನ್‌ನಲ್ಲಿ ನಾಗಠಾಣದಲ್ಲಿ ಬೋರಿಗೆ ಬಿದ್ದ ನಾಲ್ಕು ವರ್ಷದ ಹುಡುಗಿ ಉಳಿಯಲಿಲ್ಲ. 2024ರ ಏಪ್ರಿಲ್ 3ರ ಸಂಜೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಬಿತ್ತು. ಅದು ಸಿಕ್ಕಿಕೊಂಡದ್ದು ಸುಮಾರು 16 ಅಡಿ ಆಳದಲ್ಲಿ. ಕೊಳವೆಯೊಳಗೆ ಕ್ಯಾಮೆರಾ ಇಳಿಸಿದರು, ಆಮ್ಲಜನಕ ಬಿಟ್ಟರು. ಪಕ್ಕದಲ್ಲಿ ಸುಮಾರು 20 ಅಡಿ ಗುಂಡಿ ತೋಡಿದರು. ಮಣ್ಣಿನ ಕೆಳಗೆ ಗಟ್ಟಿ ಕಲ್ಲು. ದೊಡ್ಡ ಯಂತ್ರದ ಅದುರಿಗೆ ಮಣ್ಣು ಮಗುವಿನ ಮೇಲೆ ಕುಸಿಯಬಹುದೆಂಬ ಭಯ. ಹಾಗಾಗಿ ಕೊನೆಯ ಅಡ್ಡ ದಾರಿಯನ್ನು ಎಚ್ಚರದಿಂದ ಕೊರೆಯಬೇಕಾಯಿತು. ಎನ್‌ಡಿಆರ್‌ಎಫ್, ಎಸ್‌ಡಿಆರ್‌ಎಫ್, ಅಗ್ನಿಶಾಮಕ ದಳ ಎಲ್ಲ ಸೇರಿ ಸುಮಾರು 20 ಗಂಟೆ ದುಡಿದರು. ಮರುದಿನ ಮಧ್ಯಾಹ್ನ ಮಗು ಬದುಕಿ ಬಂತು.

ಅಷ್ಟು ಜನ, ಅಷ್ಟು ಯಂತ್ರ, ಅಷ್ಟು ಹೊತ್ತು ಬೇಕಾದದ್ದು ಒಂದು ಬಾಯಿ ತೆರೆದಿದ್ದಕ್ಕೆ. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ: ಬೋರು ಕೊರೆಸುವ 15 ದಿನ ಮುಂಚೆ ಅಧಿಕಾರಿಗಳಿಗೆ ತಿಳಿಸಬೇಕು. ಕೊರೆಯುವಾಗ ಸುತ್ತ ಬೇಲಿ ಇರಬೇಕು. ಕೇಸಿಂಗ್ ಪೈಪಿನ ಬಾಯಿಗೆ ಉಕ್ಕಿನ ತಗಡು ಬೆಸೆಯಬೇಕು, ಇಲ್ಲವೇ ಬೋಲ್ಟ್ ಹಾಕಿದ ಗಟ್ಟಿ ಮುಚ್ಚಳ ಹಾಕಬೇಕು. ಬಿಟ್ಟ ಬೋರನ್ನು ಮಣ್ಣು, ಮರಳು, ಕಲ್ಲಿನಿಂದ ನೆಲಮಟ್ಟದವರೆಗೆ ತುಂಬಬೇಕು.

ಗೋಣಿಚೀಲ ಕಟ್ಟಿದರೆ, ಮೇಲೊಂದು ಕಲ್ಲು ಇಟ್ಟರೆ ಅದು ಮುಚ್ಚಳವಲ್ಲ. ಈ ವಾರ ಹೊಲಕ್ಕೆ ಹೋದಾಗ ನಮ್ಮ ನಮ್ಮ ಬೋರಿನ ಬಾಯಿ ನೋಡಿ ಬರೋಣ. ಬದುವಿನಾಚೆಯ ಹೊಲದ್ದೂ ನೋಡೋಣ. ತೆರೆದಿದ್ದರೆ ಅವರಿಗೆ ಅಂದೇ ಹೇಳೋಣ.