ಸೂಳೆಕೆರೆಯ ಕರಾರು

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯ ಸಮೀಪದಲ್ಲಿ, ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿಯೊಂದನ್ನು ಕಟ್ಟಿ ಹರಿದ್ರಾ ಹಳ್ಳವನ್ನು ತಡೆಯಲಾಗಿದೆ. ಆ ಏರಿಯ ಹಿಂದೆ ನಿಂತಿರುವ ವಿಸ್ತಾರವಾದ ಜಲರಾಶಿಗೆ ಇಂದಿನ ನಾಗರಿಕ ಹೆಸರು ಶಾಂತಿಸಾಗರ; ಸುತ್ತಣ ಜನರ ಬಾಯಲ್ಲಿ ಅದು ಸೂಳೆಕೆರೆ. ಏರಿ ಬಹಳ ಉದ್ದವಾದುದಲ್ಲ. ಆದರೆ ಅದರ ದಪ್ಪವನ್ನೂ ದಾರ್ಢ್ಯವನ್ನೂ ಕಂಡು 19ನೆಯ ಶತಮಾನದ ಇಂಗ್ಲಿಷ್ ಅಧಿಕಾರಿಗಳೂ ಬೆರಗಾಗಿದ್ದರು. ಕೆಳಗಿನ ಗದ್ದೆತೋಟಗಳಿಗಲ್ಲದೆ ದೂರದ ಚಿತ್ರದುರ್ಗದ ಕುಡಿಯುವ ನೀರಿಗೂ ಈ ಕೆರೆ ಆಧಾರವಾಗಿದೆ.

ಕೆರೆಯ ಹುಟ್ಟಿನ ಕಥೆಯನ್ನು ಬಿ. ಎಲ್. ರೈಸರು ತಮ್ಮ ಗೆಜೆಟಿಯರಿನಲ್ಲಿ ದಾಖಲಿಸಿದ್ದಾರೆ. ಸ್ಥಳೀಯರು ಹೇಳುವ ಪಾಠಗಳಲ್ಲಿ ವ್ಯತ್ಯಾಸಗಳಿವೆ; ಅವುಗಳಲ್ಲೊಂದು ಹೀಗಿದೆ. ವಿಕ್ರಮರಾಯನೆಂಬ ಅರಸನ ಮಗಳು ಶಾಂತವ್ವ. ಆಕೆಯ ನಡತೆಯ ಮೇಲೆ ಕಳಂಕ ಬಂದಿತು, ತಂದೆಯೇ ಬಿರುನುಡಿಯಾಡಿದನು. ನೊಂದ ರಾಜಕುಮಾರಿ ಲೋಕಕ್ಕೆ ನೀರಾಗುವಂತೆ ಕೆರೆಯೊಂದನ್ನು ಕಟ್ಟಿಸಲು ನಿಶ್ಚಯಿಸಿದಳು. ಆದರೆ ನೀರು ನಿಲ್ಲಬೇಕಾದ ನೆಲ ಸೂಳೆಯರ ಕೇರಿಗೆ ಸೇರಿದ್ದಿತು. ಅವರು ಹಣವನ್ನು ಕೇಳಲಿಲ್ಲ. ಕೆರೆಗೆ ತಮ್ಮ ಹೆಸರಿಡಬೇಕೆಂಬ ಒಂದೇ ಕರಾರಿನ ಮೇಲೆ ನೆಲವನ್ನು ಬಿಟ್ಟುಕೊಟ್ಟರು.

ಇದು ಐತಿಹ್ಯವೇ ಹೊರತು ಶಾಸನವಲ್ಲ. ಹೆಸರಿನ ಸಾಮ್ಯದಿಂದ ಶಾಂತವ್ವನನ್ನು ಹೊಯ್ಸಳರ ಪಟ್ಟಮಹಿಷಿ ಶಾಂತಲೆಯೊಡನೆ ಬೆರೆಸುವವರಿದ್ದಾರೆ, ಅದಕ್ಕೆ ಆಧಾರವಿಲ್ಲ. ವಿಷ್ಣುವರ್ಧನನ ರಾಣಿಯಾದ ಶಾಂತಲೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿ ಭೂದಾನ ಮಾಡಿದುದು ಶಾಸನಸಿದ್ಧ ಸಂಗತಿ. ಅದು ಬೇರೆಯೇ ಚರಿತ್ರೆ. ಆದರೂ ಎರಡನ್ನೂ ಒಟ್ಟಿಗೆ ನೆನೆಯಲು ಒಂದು ಕಾರಣವಿದೆ. ರಾಣಿಯಾಗಲಿ, ಸೂಳೆಯರಾಗಲಿ, ದಾನ ಮಾಡಬೇಕಾದರೆ ಮೊದಲು ಅವರ ಕೈಯಲ್ಲಿ ನೆಲವಿರಬೇಕು. ನೆಲವಿದ್ದುದರಿಂದಲೇ ಅವರು ಕರಾರು ಹಾಕಬಲ್ಲವರಾದರು.

ಇದಕ್ಕೆ ಎದುರಾಗಿ 'ಕೆರೆಗೆ ಹಾರ' ಎಂಬ ಜನಪದ ಕಥನಗೀತೆಯನ್ನು ಇಟ್ಟು ನೋಡಬೇಕು. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬಾರದಾಗ ಮನೆಯ ಹಿರಿಯರು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೆ ಆರಿಸುತ್ತಾರೆ. ಆಕೆಯ ಹೆಸರಿನಲ್ಲಿ ಅಂಗೈಯಗಲ ನೆಲವಿಲ್ಲ. ಕೊಡಲು ಇದ್ದದ್ದು ಪ್ರಾಣ ಒಂದೇ. ಯಾರೂ ಆಕೆಯ ಕರಾರನ್ನು ಕೇಳಲಿಲ್ಲ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ನಾವೂ ಈ ಹಾಡನ್ನು ಕೇಳಿ ಕಣ್ಣೊರೆಸಿಕೊಂಡು 'ಎಂತಹ ತ್ಯಾಗ' ಎನ್ನುತ್ತೇವೆ. 'ಎಂತಹ ಹಿಂಸೆ' ಎಂದವರು ಕಡಿಮೆ.

ಸ್ತ್ರೀಯ ಮೇಲಿನ ದಬ್ಬಾಳಿಕೆಗೂ ಪ್ರಕೃತಿಯ ಮೇಲಿನ ದಬ್ಬಾಳಿಕೆಗೂ ಮೂಲ ಒಂದೇ ಎಂಬ ವಿಚಾರಕ್ಕೆ 1974ರಲ್ಲಿ ಫ್ರಾನ್ಸಿನ ಲೇಖಕಿ ಫ್ರಾನ್ಸ್‌ವಾಜ್ ದೋಬೊನ್ ಪರಿಸರ ಸ್ತ್ರೀವಾದವೆಂಬ ಹೆಸರು ಕೊಟ್ಟರು. ನಮ್ಮಲ್ಲಿ ವಂದನಾ ಶಿವ 1988ರ ತಮ್ಮ ಗ್ರಂಥದಲ್ಲಿ ಅದನ್ನು ಬೆಳೆಸಿದರು. ಅರ್ಥಶಾಸ್ತ್ರಜ್ಞೆ ಬೀನಾ ಅಗರ್ವಾಲ್ 1992ರಲ್ಲಿ ಇದಕ್ಕೆ ತಕರಾರೆತ್ತಿದರು. ಹೆಣ್ಣು ಹುಟ್ಟಿನಿಂದಲೇ ಪ್ರಕೃತಿಗೆ ಹತ್ತಿರವೆನ್ನುವುದು ಸಾಲದು; ಯಾರು ಯಾವ ಕೆಲಸ ಮಾಡುತ್ತಾರೆ, ಯಾರ ಹೆಸರಿನಲ್ಲಿ ಆಸ್ತಿ ಇದೆ ಎಂಬುದನ್ನು ನೋಡಬೇಕೆಂಬುದು ಅವರ ವಾದ. ಸೂಳೆಕೆರೆಯ ಕಥೆಯನ್ನು ಬಲ್ಲವರಿಗೆ ಈ ವಾದವೇ ಹೆಚ್ಚು ಸರಿಯೆಂದು ತೋರುತ್ತದೆ.

ಚನ್ನಗಿರಿ ಸೀಮೆ ಇಂದು ಅಡಕೆಯ ಸೀಮೆ. ಅಡಕೆ ನೀರನ್ನು ಬೇಡುವ ಬೆಳೆ. ಕೊಳವೆಬಾವಿಯನ್ನು ಎಲ್ಲಿ ಕೊರೆಯಬೇಕು, ಕೆರೆಯಂಗಳದ ಅಂಚಿನವರೆಗೆ ತೋಟವನ್ನು ಚಾಚಬೇಕೆ ಎಂಬುದನ್ನು ತೀರ್ಮಾನಿಸುವವರು ಪಹಣಿಯಲ್ಲಿ ಹೆಸರುಳ್ಳವರು. ನೀರು ಕೆಳಗಿಳಿದಾಗ ಕೊಡ ಹಿಡಿದು ದೂರ ನಡೆಯುವವರು ಬೇರೆಯವರು. 2015-16ರ ಕೃಷಿ ಗಣತಿಯಂತೆ ದೇಶದ ಸಾಗುವಳಿ ಹಿಡುವಳಿದಾರರಲ್ಲಿ ಸ್ತ್ರೀಯರು ಶೇಕಡ 14ರಷ್ಟು ಮಾತ್ರ.

ಕಾನೂನು ಹಿಂದೆ ಬಿದ್ದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆದರೆ ವಿಭಾಗದ ದಿನ ಏನು ನಡೆಯುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ತವರಿನ ಬಾಂಧವ್ಯ ಕೆಡಬಾರದೆಂದು ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ, ಸೀರೆ ಕುಪ್ಪಸ ಪಡೆದು ಹಿಂದಿರುಗುತ್ತಾರೆ. ಆ ಪತ್ರದಲ್ಲಿ 'ಸ್ವಸಂತೋಷದಿಂದ' ಎಂಬ ಮಾತು ತಪ್ಪದೆ ಇರುತ್ತದೆ. ಕುಟುಂಬಗಳ ವ್ಯಾಜ್ಯವನ್ನು ಬಗೆಹರಿಸಲು ಕುಳಿತುಕೊಳ್ಳುವ ಬಸದಿಗಳ ಹಿರಿಯರು ಆ ಒಂದು ಪದವನ್ನು ಹೆಣ್ಣುಮಕ್ಕಳನ್ನೇ ಕರೆದು ವಿಚಾರಿಸಿದರೆ ತಪ್ಪಾಗಲಾರದು.

ಕೆರೆಯ ಅಳತೆಯಾಗಬೇಕು, ಒತ್ತುವರಿ ತೆರವಾಗಬೇಕೆಂದು ಚನ್ನಗಿರಿಯ ಜನ ಈಚಿನ ವರ್ಷಗಳಲ್ಲಿ ಒತ್ತಾಯಿಸಿದ್ದಾರೆ. ಹೆಸರಿನ ಒತ್ತುವರಿಯನ್ನು ಮಾತ್ರ ಯಾರೂ ಅಳೆದಿಲ್ಲ. ಸಭ್ಯತೆಗೆ ಒಗ್ಗದೆಂದು ಹಳೆಯ ಹೆಸರನ್ನು ಮರೆಮಾಡುವಾಗ, ನೆಲ ಕೊಟ್ಟವರು ಕೇಳಿದ್ದ ಬೆಲೆ ಅದೊಂದೇ ಆಗಿತ್ತೆಂಬುದು ನಮಗೆ ಮರೆತಿತ್ತು.